ಅತ್ತೆಯ ಏಳು ಗಂಟುಗಳು

ಮೇ 4, ಭಾನುವಾರ

ಈ ಡೈರಿಯನ್ನು ಪಶು ಆಹಾರದ ಕಂಪನಿಯವರು ಜನವರಿಯಲ್ಲಿ ನನ್ನ ಗಂಡನಿಗೆ ಪುಕ್ಕಟೆ ಕೊಟ್ಟಿದ್ದರು. ಪ್ರತಿ ಪುಟದ ಮೂಲೆಯಲ್ಲೂ ಒಂದು ಎಮ್ಮೆಯ ಚಿತ್ರವಿದೆ. ಸದ್ಯಕ್ಕೆ ಈ ಮನೆಯಲ್ಲಿ ನನ್ನ ಮುಖ ನೋಡುತ್ತಿರುವುದು ಈ ಎಮ್ಮೆಯೊಂದೇ. ಹಾಗಾಗಿ ಅದಕ್ಕೇ ಎಲ್ಲ ಹೇಳೋಣವೆಂದು ಬರೆಯಲು ಕೂತಿದ್ದೇನೆ.

ನಡೆದದ್ದು ಇಷ್ಟು. ಅತ್ತೆ ಅಂಬಮ್ಮ ಮೊನ್ನೆ ಗೊರೇಬಾಳಕ್ಕೆ ಮದುವೆಗೆ ಹೋಗಿದ್ದಾಗ ನಾನು ಅಟ್ಟ ಸ್ವಚ್ಛ ಮಾಡಿದೆ. ಅಟ್ಟದ ಮೇಲೆ ಹಳೆಯ ಸೀರೆಗಳಲ್ಲಿ ಕಟ್ಟಿದ ಏಳು ಗಂಟು. ಒಳಗೆ ಏನು ಬಂಗಾರವೇ? ಹತ್ತು ವರ್ಷದ ಕ್ಯಾಲೆಂಡರುಗಳು, ನನ್ನ ಮಗಳು ಜ್ಯೋತಿ ಯುಕೆಜಿಯಲ್ಲಿ ಹಾಕಿದ ಯೂನಿಫಾರ್ಮು, ಅವಳಪ್ಪ ಏಳನೇ ತರಗತಿಯಲ್ಲಿ ಹಾಕಿದ ಚಡ್ಡಿ, ಗೇಣುದ್ದದ ದಾರಗಳು, ಅರ್ಧ ಬರೆದ ನೋಟ್‌ಬುಕ್ಕುಗಳು, ಮುಚ್ಚಳವಿಲ್ಲದ ಪೆನ್ನುಗಳು, ಪೆನ್ನಿಲ್ಲದ ಮುಚ್ಚಳಗಳು. ಹನ್ನೆರಡು ವರ್ಷದಿಂದ ಈ ಮುದುಕಿಗೆ ಹೇಳುತ್ತ ಬಂದಿದ್ದೇನೆ, ಇದು ಮನೆಯೋ ತಿಪ್ಪೆಯೋ ಎಂದು. ಅಷ್ಟರಲ್ಲಿ ಗುಜರಿ ಗಾಡಿಯ ಗೌಸ್‌ಸಾಬ್ ಓಣಿಯಲ್ಲಿ ಕೂಗಿದ. ಏಳೂ ಗಂಟು ಎತ್ತಿ ಕೊಟ್ಟೆ. ಬದಲಿಗೆ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ಟಬ್ಬು ಕೊಟ್ಟ. ಒಳ್ಳೆಯ ಟಬ್ಬು. ಅದರಲ್ಲಿ ನಾಲ್ಕು ಬೆಡ್‌ಶೀಟು ಒಟ್ಟಿಗೆ ನೆನೆಯುತ್ತವೆ.

ಮುದುಕಿ ಸಂಜೆ ಬಂದಳು, ಅಟ್ಟ ನೋಡಿದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾಗಿದ್ದೆ. ಒಂದು ಮಾತೂ ಆಡಲಿಲ್ಲ! ಮರುದಿನ ಬೆಳಿಗ್ಗೆ ಕೈಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಹೊರಟೇಬಿಟ್ಟಳು. ಮಧ್ಯಾಹ್ನ ಲಿಂಗಸುಗೂರಿನಿಂದ ನಾದಿನಿ ಮಹಾಲಕ್ಷ್ಮಿಯ ಫೋನು.

"ಅವ್ವ ಬಂದಾಳ್ರೀ ವೈನಿ. ಇನ್ನ ಇಲ್ಲೇ ಇರ್ತಾಳಂತ. ಈಗ ನಿಮಗ ಸಮಾಧಾನ ಆತಿಲ್ಲೋ?"

ಬಸ್ಸಿನ ಬೋರ್ಡು ಓದಲು ಬಾರದ ಹೆಂಗಸು. ಯಾರು ಹತ್ತಿಸಿಕೊಟ್ಟರೋ ಗೊತ್ತಿಲ್ಲ.

ಗಂಡ ಬಸವಲಿಂಗ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನ ಹಿಂಡಿ ಅಂಗಡಿಗೆ ಬರುವ ರೈತರ ಎಮ್ಮೆಗಳ ಯೋಗಕ್ಷೇಮ ಮಾತ್ರ ಅರ್ಧ ತಾಸು ವಿಚಾರಿಸುತ್ತಾನೆ. ಜ್ಯೋತಿಯಂತೂ ಬಾಗಿಲ ಚೌಕಟ್ಟು ಹಿಡಿದು ನಿಂತು ಘೋಷಣೆ ಮಾಡಿದಳು, "ಅಜ್ಜಿ ಬರೋತನ ನಾ ಸಾಲಿಗಿ ಹೋಗಂಗಿಲ್ಲ!"

ಶಾಲೆ ಶುರುವಾಗುವುದು ಜೂನ್ ಎರಡಕ್ಕೆ. ಅಷ್ಟರೊಳಗೆ ಮುದುಕಿ ತಾನಾಗಿಯೇ ಬರುತ್ತಾಳೆ. ನಾನಂತೂ ಕರೆಯಲು ಹೋಗುವುದಿಲ್ಲ.

ಮೇ 8, ಗುರುವಾರ

ದೇವರಿಗೆ ನನ್ನ ಮೇಲೆ ಯಾವ ಸಿಟ್ಟೋ! ಜ್ಯೋತಿಯ ಶಾಲೆಯವರು ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ್ದಾರೆ. ಈ ವರ್ಷ "ಹಸಿರು ಪ್ರಾರಂಭ"ವಂತೆ. ಹೋದ ವರ್ಷ ಇದೇ ಜನ ಪ್ಲಾಸ್ಟಿಕ್ ಕವರಿಲ್ಲದ ನೋಟ್‌ಬುಕ್ಕನ್ನು ವಾಪಸು ಕಳಿಸಿದ್ದರು. ಈಗ ಭೂಮಿತಾಯಿ ನೆನಪಾಗಿದ್ದಾಳೆ.

ಜ್ಯೋತಿ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು, ನ್ಯಾಯಾಧೀಶರು ತೀರ್ಪು ಓದುವ ಹಾಗೆ.

"ಪುಸ್ತಕಗಳಿಗೆ ಪ್ಲಾಸ್ಟಿಕ್ ಕವರು ಬೇಡ, ಹಳೆಯ ಕ್ಯಾಲೆಂಡರ್ ಅಥವಾ ಪೇಪರ್ ಬಳಸಿ." ತಲೆ ಎತ್ತಿ ನನ್ನನ್ನು ನೋಡಿದಳು. "ಕ್ಯಾಲೆಂಡರ್ ಅಜ್ಜೀದು ಎರಡನೇ ಗಂಟಿನ್ಯಾಗಿದ್ವು."

"ಮುಂದ ಓದು."

"ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ಹೊಲಿದು ರಫ್ ಪುಸ್ತಕ ಮಾಡಿ. ಅದು ಐದನೇ ಗಂಟು. ಬಟ್ಟೆಯ ಚೀಲ ಹೊಲಿಸಿ. ಬಟ್ಟಿ ನಾಕನೇ ಗಂಟು. ಪೆನ್ಸಿಲ್ ತುಂಡುಗಳನ್ನು ಮುಗಿಸಿದ ನಂತರವೇ ಹೊಸ ಪೆನ್ಸಿಲ್. ಅವು..."

"ಸಾಕು ಬಿಡ ಬೇ!"

ಅವಳಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದನೆಂದು ನನಗೆ ಗೊತ್ತು.

ಇರಲಿ. ನಾನು ಬಿ.ಎ. ಪಾಸಾದವಳು. ಅಕ್ಷರ ಬಾರದ ಮುದುಕಿ ಮಾಡುತ್ತಿದ್ದ ಕೆಲಸ ನನಗೆ ಬಾರದೆ ಹೋಗುತ್ತದೆಯೇ? ಎಲ್ಲ ನಾನೇ ಮಾಡಿ, ಫೋಟೋ ತೆಗೆದು ಲಿಂಗಸುಗೂರಿಗೆ ಕಳಿಸುತ್ತೇನೆ. ಹೊಟ್ಟೆ ಉರಿದುಕೊಂಡಾದರೂ ಬರಲಿ.

ಮೇ 13, ಮಂಗಳವಾರ

ಚೀಲ ಹೊಲಿದೆ! ಗಂಡನ ಅಂಗಡಿಯಲ್ಲಿ ಒಂದು ಹಳೆಯ ಗೋಣಿಚೀಲ ಬಿದ್ದಿತ್ತು. ಎರಡು ಸಲ ಒಗೆದು, ಬಿಸಿಲಿಗೆ ಹಾಕಿ, ಕತ್ತರಿಸಿ, ಹೆಗಲಿಗೆ ಪಟ್ಟಿ ಹಚ್ಚಿದೆ. ಮುಂದೆ ಕೆಂಪು ಉಣ್ಣೆಯಲ್ಲಿ ಒಂದು ಹೂವು. ಬೆರಳಿಗೆ ನಾಲ್ಕು ಕಡೆ ಸೂಜಿ ಚುಚ್ಚಿದೆ. ಸುಂದರವಾಗಿದೆಯೆಂದು ನಾನೇ ಹೇಳಬೇಕು, ಬೇರೆಯವರು ಹೇಳುತ್ತಿಲ್ಲ.

ಫೋಟೋ ತೆಗೆದು ಮಹಾಲಕ್ಷ್ಮಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಮೇ 15, ಗುರುವಾರ

ಜ್ಯೋತಿ ಆ ಚೀಲ ಹಾಕಿಕೊಂಡು ಟ್ಯೂಷನ್‌ಗೆ ಹೊರಟಳು. ನಾನು ಹೆಮ್ಮೆಯಿಂದ ಓಣಿಯ ತುದಿಯವರೆಗೂ ಜೊತೆಗೆ ಹೋದೆ. ಕಾಲುವೆ ಕಡೆಯಿಂದ ಎಮ್ಮೆಗಳು ಬರುವ ಹೊತ್ತು. ಒಂದು ಎಮ್ಮೆ ನಿಂತಿತು, ಮೂಗು ಎತ್ತಿತು, ಜ್ಯೋತಿಯ ಹಿಂದೆ ನಡೆಯಿತು. ಅದರ ಹಿಂದೆ ಇನ್ನೆರಡು. ಆಮೇಲೆ ಎಲ್ಲಿಂದಲೋ ಒಂದು ಹೋರಿ. ಜ್ಯೋತಿ ಓಡಿದಳು, ಅವೂ ಓಡಿದವು. ಎದುರು ಮನೆಯ ಕಸ್ತೂರೆಮ್ಮ ಕಟ್ಟೆಯ ಮೇಲೆ ನಿಂತು ಕೇಳಿದಳು, "ಏನ್ರೀ, ನಿಮ್ಮ ಹುಡುಗಿ ಈ ವರ್ಷ ದನ ಕಾಯಾಕ ಹೊಂಟಾಳೇನು?"

ಮಗಳು ಚೀಲ ಬಿಸಾಕಿ ಪಾರಾದಳು. ಚೀಲ ಪಾರಾಗಲಿಲ್ಲ. ಪಟ್ಟಿ, ಹೂವು, ಗಣಿತದ ಪುಸ್ತಕದ ಮೊದಲ ಮೂರು ಪಾಠ ಎಲ್ಲ ಎಮ್ಮೆಯ ಹೊಟ್ಟೆಗೆ ಹೋದವು.

ಹನ್ನೆರಡು ದಿನದಿಂದ ಬಾಯಿ ಬಿಡದ ಗಂಡ ಇವತ್ತು ಬಾಯಿ ಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, "ಅದು ಶೇಂಗಾ ಹಿಂಡಿ ಚೀಲ. ಹತ್ತ ಸಲ ಒಗದ್ರೂ ದನಕ್ಕ ಗೊತ್ತಾಗ್ತೈತಿ. ನಮ್ಮವ್ವ ಇದ್ದಿದ್ರ ಮಿಲ್ಲಿನ ಅಕ್ಕಿ ಚೀಲ ತಗೋತಿದ್ಲು" ಎಂದ.

ಹಿಂಡಿ ಮಾರುವವನು ನೀನು, ಮೊದಲೇ ಹೇಳಬಾರದಿತ್ತೇ ಎಂದೆ. "ನೀ ಕೇಳಿದ್ದೇನು?" ಎಂದ.

ಈ ಪುಟದ ಎಮ್ಮೆಯನ್ನು ನೋಡಲು ಮನಸ್ಸಿಲ್ಲ. ಅದರ ಮೇಲೆ ಶಾಯಿ ಬಳಿದಿದ್ದೇನೆ.

ಮೇ 16, ಶುಕ್ರವಾರ

ಚೀಲವಿಲ್ಲ. ಮಾತಿಲ್ಲ. ಟಬ್ಬಿದೆ.

ಮೇ 20, ಮಂಗಳವಾರ

ಜ್ಯೋತಿಯ ಲಂಗ ಮೊಳಕಾಲ ಮೇಲೆ ಬಂದಿದೆ. ಉದ್ದ ಮಾಡೋಣವೆಂದು ಅಂಚು ತಿರುಗಿಸಿ ನೋಡಿದರೆ ಒಳಗೆ ಇನ್ನೂ ಎರಡು ಮಡಿಕೆಗಳಿವೆ. ಎರಡನೇ ತರಗತಿಯಲ್ಲಿ ಹೊಲಿಸುವಾಗಲೇ ಅತ್ತೆ ಆರನೇ ತರಗತಿಯವರೆಗೂ ಲೆಕ್ಕ ಹಾಕಿ ಮಡಿಸಿ ಇಟ್ಟಿದ್ದಾಳೆ. ವರ್ಷಕ್ಕೊಂದು ಬಿಚ್ಚಿದರಾಯಿತು. ಹೊಲಿಗೆ ಎಷ್ಟು ಸಣ್ಣದೆಂದರೆ ಕಣ್ಣಿಗೆ ಹಿಡಿದು ನೋಡಿದರೂ ಕಾಣದು. ಒಂದು ಮಡಿಕೆ ಬಿಚ್ಚಲು ನನಗೆ ಒಂದೂವರೆ ತಾಸು ಬೇಕಾಯಿತು. ಬಿಚ್ಚಿದ ಜಾಗದಲ್ಲಿ ಬಟ್ಟೆ ಹೊಚ್ಚ ಹೊಸ ನೀಲಿ, ಮೇಲೆ ಮಾಸಿದ ನೀಲಿ.

ಬಿಚ್ಚಿದ ದಾರ ಚೆನ್ನಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ, ಒಂದು ಕಡ್ಡಿಗೆ ಸುತ್ತಿಟ್ಟೆ. ಖಾಲಿ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಅಡುಗೆಮನೆಯಲ್ಲಿ ಬಿದ್ದಿದ್ದ ಪೆನ್ಸಿಲ್ ತುಂಡುಗಳನ್ನು ಹಾಕಿದೆ. ಗಂಡ ಹೋದ ವರ್ಷದ ಕ್ಯಾಲೆಂಡರಿನಿಂದ ಗಾಡಿಯ ಸೀಟು ಒರೆಸಲು ಹೊರಟಿದ್ದ. ಓಡಿಹೋಗಿ ಕಸಿದುಕೊಂಡೆ.

"ಹನ್ನೆರಡು ಹಾಳಿ ಅದಾವ ಇದ್ರಾಗ! ಆರು ಪುಸ್ತಕಕ್ಕ ಆಗ್ತೈತಿ. ತಲಿ ಐತೋ ಇಲ್ಲೋ ನಿಮಗ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಥೇಟ್ ನಮ್ಮವ್ವ ಆಗಾಕತ್ತಿ ನೋಡು" ಎಂದ.

ಇಂಥ ಅವಮಾನವನ್ನು ನಾನು ಈ ಮನೆಯಲ್ಲಿ ಎಂದೂ ಅನುಭವಿಸಿರಲಿಲ್ಲ. ನಾನೆಲ್ಲಿ, ಆ ತಿಪ್ಪೆಯ ಒಡತಿ ಎಲ್ಲಿ! ನಾನು ಇಟ್ಟುಕೊಂಡಿರುವುದು ಬೇಕಾದ ವಸ್ತುಗಳನ್ನು ಮಾತ್ರ.

ಮೇ 23, ಶುಕ್ರವಾರ

ಇವತ್ತು ನಡೆದದ್ದನ್ನು ಸಾವಕಾಶವಾಗಿ ಬರೆಯಬೇಕು.

ಬೆಳಿಗ್ಗೆ ಗೌಸ್‌ಸಾಬ್‌ನ ಗಾಡಿ ತಡೆದು ಗಂಟು ವಾಪಸು ಕೇಳಿದೆ. ಜ್ಯೋತಿಯ ರಫ್ ಪುಸ್ತಕಕ್ಕೆ ಖಾಲಿ ಹಾಳೆ ಬೇಕಿತ್ತು, ಅಷ್ಟೇ. ಅವನು ನನ್ನನ್ನು ಕನಿಕರದಿಂದ ನೋಡಿದ.

"ಅಕ್ಕಾರ, ಇಪ್ಪತ್ತ ದಿನ ಆತು. ಬಟ್ಟಿ ಎಲ್ಲಾ ಗ್ಯಾರೇಜಿನಾಗ ಎಣ್ಣಿ ಒರಸಾಕ ಖಾಲಿ ಆದ್ವು. ರದ್ದಿ ಕಾಗದ ಮಸ್ಕಿ ಮಲ್ಲೇಶನ ಅಂಗಡಿಗಿ ಹೋಗೇತಿ. ಅಂವ ಸುಮ್ಕ ಕೊಡಾಂವ ಅಲ್ಲ ಮತ್ತ."

ಸುಮ್ಮನೆ ಕೊಡದಿದ್ದರೆ ಏನಾಯಿತು, ನನ್ನ ಹತ್ತಿರ ಟಬ್ಬಿತ್ತು. ಮಸ್ಕಿ ಬಸ್ಸಿನಲ್ಲಿ ಟಬ್ಬನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ಕಂಡಕ್ಟರ್ ಟಬ್ಬಿನ ಹಿಂದಿನಿಂದ ಇಣುಕಿ, "ಇದರಾಗ ಯಾರರ ಕುಂತಾರೇನ್ರೀ? ಅವರಿಗೂ ಟಿಕೀಟು ಕೊಡ್ಲೇನು?" ಎಂದ. ಬಸ್ಸೆಲ್ಲ ನಕ್ಕಿತು.

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಒಬ್ಬರು ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದರು. ಕೈಯಲ್ಲಿದ್ದ ಕಾಗದ ಜ್ಯೋತಿಯ ಮೂರನೇ ತರಗತಿಯ ಪರಿಸರ ಪಾಠ, "ಕಾಗದವನ್ನು ಮಿತವಾಗಿ ಬಳಸಬೇಕು" ಎಂಬ ವಾಕ್ಯದ ಮೇಲೆ ಎಣ್ಣೆ ಹರಡಿತ್ತು. ಓಡಿದೆ. ಮಲ್ಲೇಶನ ಅಂಗಡಿಯಲ್ಲಿ ಒಂದೇ ಗಂಟು ಉಳಿದಿತ್ತು, ಅತ್ತೆಯ ಹಸಿರು ಸೀರೆಯಲ್ಲಿ ಕಟ್ಟಿದ್ದು. ಟಬ್ಬು ಕೊಟ್ಟೆ, ಗಂಟು ತಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಟು ಬಿಚ್ಚಿದೆ. ಜ್ಯೋತಿಯ ಹಳೆಯ ನೋಟ್‌ಬುಕ್ಕುಗಳ ಖಾಲಿ ಹಾಳೆಗಳನ್ನೆಲ್ಲ ಸಮನಾಗಿ ಕತ್ತರಿಸಿ, ದಾರದಲ್ಲಿ ಹೊಲಿದು ಮಾಡಿದ ಮೂರು ಪುಸ್ತಕಗಳು. ಎರಡು ಖಾಲಿ. ಮೂರನೆಯದು ತುಂಬಿತ್ತು. ಯಾವುದೋ ಸಣ್ಣ ಮಗುವಿನ ಅಕ್ಷರ ಅಂದುಕೊಂಡೆ. ಮೊದಲ ಪುಟಗಳಲ್ಲಿ ಸೊಟ್ಟಸೊಟ್ಟನೆಯ ಅ, ಆ, ಇ, ಈ. ಆಮೇಲೆ ಒಂದಿಡೀ ಪುಟ "ಅಂಬಮ್ಮ". ಅದರ ಕೆಳಗೆ ಜ್ಯೋತಿಯ ಕೆಂಪು ಪೆನ್ನಿನ ರೈಟ್ ಗುರುತು, ಪಕ್ಕದಲ್ಲಿ "ಗುಡ್". ಮುಂದೆ ಬಸವಲಿಂಗ, ಮಹಾಲಕ್ಷ್ಮಿ, ಜ್ಯೋತಿ. ಮುಂದಿನ ಪುಟದಲ್ಲಿ ಶಿವಗಂಗಾ. ನನ್ನ ಹೆಸರು. ಎರಡು ಕಡೆ ತಪ್ಪಿ, ಉಗುಳು ಹಚ್ಚಿ ಒರೆಸಿ, ಮತ್ತೆ ಬರೆದಿದ್ದಾರೆ.

ಕೊನೆಯ ಪುಟದಲ್ಲಿ ಮೂರೇ ಹೆಸರು, ಮೇಲಿಂದ ಕೆಳಗೆ, ಮತ್ತೆ ಮತ್ತೆ. ನಮ್ಮೂರು ಸಿಂಧನೂರು, ನಡುವೆ ಮಸ್ಕಿ, ಕೊನೆಗೆ ಲಿಂಗಸುಗೂರು.

ಅವರನ್ನು ಬಸ್ಸಿಗೆ ಯಾರೂ ಹತ್ತಿಸಿಕೊಟ್ಟಿರಲಿಲ್ಲ. ಅತ್ತೆ ತಾವೇ ಬೋರ್ಡು ಓದಿ ಹತ್ತಿದ್ದರು.

ಅದನ್ನು ಕಲಿತ ಪುಸ್ತಕವನ್ನು ನಾನು ಟಬ್ಬಿಗೆ ಮಾರಿದ್ದೆ. ಬಸ್ಸಿನಲ್ಲಿ ಎಲ್ಲರೆದುರಿಗೆ ಅತ್ತುಬಿಟ್ಟೆ. ಕಂಡಕ್ಟರ್ ಅದೇ ಮನುಷ್ಯ. "ಟಬ್ಬಿಗ್ಯಾಕ ಇಷ್ಟ ದುಃಖ ಮಾಡ್ತೀರಿ ಅಕ್ಕಾರ, ಇನ್ನೊಂದು ಸಿಗ್ತೈತಿ" ಎಂದ.

ಮೇ 24, ಶನಿವಾರ

ಜ್ಯೋತಿಯ ಮುಂದೆ ಪುಸ್ತಕ ಇಟ್ಟೆ. ಅವಳ ಮುಖ ಬಿಳಿಚಿಕೊಂಡಿತು.

"ನಿಂಗ್ಯಾರು ಹೇಳಿದ್ರು? ಅಜ್ಜಿ ಆಣಿ ಹಾಕಿಸ್ಕೊಂಡಿದ್ಲು."

"ನನಗ ಯಾಕ ಹೇಳಬಾರ್ದಾಗಿತ್ತು?"

ಕಾಲಬೆರಳಿನಿಂದ ನೆಲ ಗೀಚುತ್ತ ಹೇಳಿದಳು, "ನಿಮ್ಮವ್ವ ನಗ್ತಾಳ ಅಂದ್ಲು."

ಹೌದು, ನಗುತ್ತಿದ್ದೆ. ನನ್ನನ್ನು ನಾನು ಬಲ್ಲೆ. ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದೆ.

ಮೇ 27, ಮಂಗಳವಾರ

ಮೂರು ಸಲ ಫೋನು ಹಚ್ಚಿದೆ. ಮಹಾಲಕ್ಷ್ಮಿ ಎತ್ತಿ "ಹಲೋ" ಎಂದಾಗಲೆಲ್ಲ ಇಟ್ಟುಬಿಟ್ಟೆ. ನಾಲ್ಕನೇ ಸಲ ಅವಳೇ ಮಾಡಿ, "ವೈನಿ, ನಿಮ್ಮ ಫೋನು ಕೆಟ್ಟೇತೇನು, ನೀವು ಕೆಟ್ಟೀರೇನು?" ಎಂದು ಕೇಳಿದಳು.

ಮಿಲ್ಲಿನ ಅಕ್ಕಿ ಚೀಲದಲ್ಲಿ ಹೊಸ ಚೀಲ ಹೊಲಿದೆ. ಕಾಲುವೆಯ ಕಡೆ ತಿರುಗಾಡಿಸಿ ಪರೀಕ್ಷೆ ಮಾಡಿದೆ. ಎಮ್ಮೆಗಳು ತಿರುಗಿಯೂ ನೋಡಲಿಲ್ಲ.

ಮೇ 31, ಶನಿವಾರ

ಶಾಲೆಗೆ ಇನ್ನೆರಡೇ ದಿನ. ಬೆಳಗಿನ ಬಸ್ಸಿಗೆ ಒಬ್ಬಳೇ ಲಿಂಗಸುಗೂರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ನನ್ನ ಮಾನವೂ ಉಳಿಯಬೇಕು, ಅವರೂ ಬರಬೇಕು, ಅಂಥ ಮಾತು. ಮಸ್ಕಿ ದಾಟುವಾಗ ಚೆನ್ನಾಗಿ ಕೂಡಿಬಂದಿತ್ತು.

ಮಹಾಲಕ್ಷ್ಮಿಯ ಮನೆಯಲ್ಲಿ ಎಲ್ಲ ಹೊಸದು. ಮಕ್ಕಳಿಗೆ ಹೊಸ ಚೀಲ, ಹೊಸ ಬಾಟಲಿ, ಪ್ಲಾಸ್ಟಿಕ್ ಹೊದ್ದು ಮಿರಿಮಿರಿ ಮಿಂಚುವ ಪುಸ್ತಕಗಳು. ಅದರ ನಡುವೆ ಅತ್ತೆ ಗೋಡೆಗೊರಗಿ ಕೈ ಕಟ್ಟಿ ಕೂತಿದ್ದರು. ಹನ್ನೆರಡು ವರ್ಷದಲ್ಲಿ ಅವರ ಕೈ ಖಾಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಏನು ಮುಟ್ಟಿದರೂ ಮಗಳು "ನೀ ಸುಮ್ನ ಕೂಡವ್ವ" ಎನ್ನುತ್ತಾಳಂತೆ, ಪ್ರೀತಿಯಿಂದಲೇ. ಸೊರಗಿದ್ದರು.

ನನ್ನನ್ನು ನೋಡಿ ಮುಖ ತಿರುಗಿಸಿದರು. ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಪುಸ್ತಕ ತೆಗೆದು ಅವರ ಮುಂದೆ ನೆಲದ ಮೇಲೆ ಇಟ್ಟೆ. ಅತ್ತೆ ಗಾಬರಿಯಿಂದ ಅದರ ಮೇಲೆ ಸೆರಗು ಮುಚ್ಚಿದರು.

"ಓದಿದೇನು?"

"ಓದೀನ್ರಿ."

"ನಕ್ಕೇನು?"

"ಇಲ್ರಿ ಅತ್ತಿ. ತಪ್ಪಾತ್ರಿ. ನನ್ನದು ಬಾಳ ತಪ್ಪಾತು."

ಮಹಾಲಕ್ಷ್ಮಿ ಬಾಗಿಲಲ್ಲಿ ನಿಂತು ಬಾಯಿ ತೆರೆದಿದ್ದಳು. ನಾನು ತಪ್ಪಾಯಿತು ಅಂದದ್ದನ್ನು ಈ ಮನೆತನದಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಸೆರಗು ಸರಿಸಿ ಪುಸ್ತಕ ಕೈಗೆತ್ತಿಕೊಂಡರು.

"ತಪ್ಪು ಖರೇನ" ಎಂದರು. "ನಾ ಆರು ಗಂಟಿಗಿ ಅಳಲಿಲ್ಲ. ಅವು ಹೋದ್ರ ಹೋಗ್ಲಿ. ಇದಕ್ಕ ಅತ್ನಿ. ಈಗ ಯಾತಕ್ಕ ಬಂದಿ? ತಪ್ಪಾತು ಅನ್ನಾಕೋ, ಪುಸ್ತಕಕ್ಕ ಕವರ್ ಹಾಕಾಕ ಆಳು ಬೇಕಾಗೇತೋ?"

"ಎರಡಕ್ಕೂ ರೀ" ಎಂದೆ. ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ಮತ್ತ ನೀವಿಲ್ದ ಮನಿ ಬ್ಯಾಸರಾಗೇತ್ರಿ. ಯಾರ ಕೂಡ ಜಗಳಾಡ್ಲಿ?"

ಅತ್ತೆಯ ತುಟಿಯ ಒಂದು ಮೂಲೆ ಮೇಲೆದ್ದಿತು. ಎಮ್ಮೆಯ ಸುದ್ದಿ ನಿಜವೇ ಎಂದು ಕೇಳಿದರು. ಮಗ ಫೋನಿನಲ್ಲಿ ಹೇಳಿದ್ದನಂತೆ, ಆ ದ್ರೋಹಿ. ನಾನು ಮೊದಲಿಂದ ಕೊನೆಯವರೆಗೂ ಹೇಳಿದೆ, ಹೋರಿಯ ಹೆಜ್ಜೆಯನ್ನೂ ಮಾಡಿ ತೋರಿಸಿದೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು. ನೀರು ಕುಡಿದು, ಮುಖ ಗಂಭೀರ ಮಾಡಿಕೊಂಡು ಹೇಳಿದರು, "ಬರ್ತೀನಿ. ಆದ್ರ ಒಂದು ಕರಾರು ಐತಿ. ಬಸ್‌ಸ್ಟ್ಯಾಂಡಿನಾಗ ಹೇಳ್ತೀನಿ."

ಬಸ್‌ಸ್ಟ್ಯಾಂಡಿನ ಎದುರಿನ ಪುಸ್ತಕದ ಅಂಗಡಿಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಶಾಲೆ ಶುರುವಾಗುವ ಹೊತ್ತಿನ ಗದ್ದಲ. ಅತ್ತೆ ಜನರ ನಡುವೆ ತೂರಿ ಮುಂದೆ ಹೋದರು.

"ಒಂದು ಕಾಪಿ ಪುಸ್ತಕ ಕೊಡಪ್ಪ. ಎರಡ ಗೆರೀದು. ಹೊಸಾದು."

"ಮೊಮ್ಮಗಳು ಎಷ್ಟನೇ ಕ್ಲಾಸು ಅಮ್ಮ?" ಎಂದ ಅಂಗಡಿಯವನು.

"ನನಗ ಬೇಕು. ಒಂದನೇತ್ತಿ" ಎಂದರು ಅತ್ತೆ.

ಅಂಗಡಿಯಲ್ಲಿ ಇಬ್ಬರು ನಕ್ಕರು. ನಾನು ತಿರುಗಿ ನೋಡಿದೆ. ನಗು ನಿಂತಿತು.

ಜೂನ್ 2, ಸೋಮವಾರ

ನಿನ್ನೆಯಿಡೀ ಅತ್ತೆ, ನಾನು, ಜ್ಯೋತಿ ಕೂತು ಪುಸ್ತಕಗಳಿಗೆ ಕವರು ಹಾಕಿದೆವು. ನಾನು ಮೂಲೆ ಮಡಿಸಿದ ರೀತಿಗೆ ಅತ್ತೆ ನಾಲ್ಕು ಸಲ ಬೈದರು, ನಾನು ಎರಡು ಸಲ ತಿರುಗಿ ಬೈದೆ. ಗಂಡ ಸುಖವಾಗಿ ಊಟ ಮಾಡಿ ಮಲಗಿದ.

ಇವತ್ತು ಬೆಳಿಗ್ಗೆ ಜ್ಯೋತಿ ಎರಡು ಬಣ್ಣದ ಲಂಗ ಉಟ್ಟು, ಅಕ್ಕಿ ಚೀಲ ಹೆಗಲಿಗೆ ಹಾಕಿಕೊಂಡು, ಹೊರಡುವ ಮೊದಲು ಅಜ್ಜಿಯ ಹೊಸ ಪುಸ್ತಕ ನೋಡಿಬಿಟ್ಟಳು. ಹುಡುಗಿಗೆ ಹಸಿರು ತಲೆಗೇರಿದೆ.

"ಅಜ್ಜೀ! ಹಳೀ ಹಾಳಿ ಇದ್ದಾಗ ಹೊಸಾದು ತಗೋಬಾರ್ದು. ಸಾಲ್ಯಾಗ ಹೇಳ್ಯಾರ."

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಅದು ನಿಮಗವ್ವ. ನೀವು ಹುಟ್ಟಿದಾಗಿಂದ ಹೊಸಾದು ಕಂಡೀರಿ, ನೀವು ಕಡಿಮಿ ಮಾಡ್ರಿ. ನಾ ಇಷ್ಟ ವರ್ಷ ಅಣ್ಣಂದು ಅಂಗಿ, ಅಕ್ಕಂದು ಸೀರಿ, ಮಗಂದು ಹಾಳಿ, ನಿಂದು ಪೆನ್ಸಿಲ್ಲು ಬಳಸೀನಿ. ನನ್ನ ಪಾಲಿಂದು ಹೊಸಾದು ಒಂದ ಇನ್ನಾ ಬಾಕಿ ಇತ್ತು."

ಜ್ಯೋತಿ ಅಜ್ಜಿಯ ಕೆನ್ನೆಗೆ ಮುತ್ತು ಕೊಟ್ಟು ಶಾಲೆಗೆ ಓಡಿದಳು.

ಪೆನ್ಸಿಲ್ ಚೂಪು ಮಾಡಿ ತಂದುಕೊಟ್ಟೆ. ಪಕ್ಕದಲ್ಲಿ ಕೂತೆ, ಮೊದಲ ಅಕ್ಷರ ನಾನು ಹೇಳಿಕೊಡುತ್ತೇನೆ ಎಂದು. ಅತ್ತೆ ಪುಸ್ತಕ ತೆರೆದರು. ಮೂಗಿಗೆ ಹಿಡಿದು ವಾಸನೆ ನೋಡಿದರು. ಯಾರೂ ಏನೂ ಬರೆಯದ ಬಿಳಿ ಹಾಳೆಯ ಮೇಲೆ ಅಂಗೈ ಇಟ್ಟು ಆ ತುದಿಯಿಂದ ಈ ತುದಿಯವರೆಗೆ ಸವರಿದರು. ಆಮೇಲೆ ಮೆಲ್ಲಗೆ ಮುಚ್ಚಿದರು.

"ಯಾಕ್ರೀ ಅತ್ತಿ?"

"ನಾಳಿ ಬರೀತೀನಿ" ಎಂದರು. "ಇವತ್ತೊಂದಿನ ಹೊಸಾದೇ ಇರ್ಲಿ."